ಕ್ಯಾರವಾನ್ ಎಳೆಯುವ ಮೊದಲು ಕಾಟಾ ಮೇಲೆ ನಿಲ್ಲಿಸಿ

ಪ್ರಶ್ನೆ: ಸರ್, ನಾವು ಹುಬ್ಬಳ್ಳಿ ವಿದ್ಯಾನಗರದವರು. ಮನೆಯಲ್ಲಿ ಐದು ಜನ. ತಾಯಿ ಹೊರಗಿನ ಊಟ ಮುಟ್ಟುವುದಿಲ್ಲ, ಹೋದಲ್ಲೆಲ್ಲ ಅಡುಗೆ ಆಗಬೇಕು. ಅದಕ್ಕೇ ಪರಿಚಯದವರ ಫ್ಯಾಬ್ರಿಕೇಶನ್ ಶಾಪ್‌ನಲ್ಲಿ 12 ಅಡಿಯ ಸಣ್ಣ ಕ್ಯಾರವಾನ್ ಟ್ರೇಲರ್ ಮಾಡಿಸಿದ್ದೇನೆ. ಒಂದೇ ಆ್ಯಕ್ಸಲ್, ಎರಡು ಚಕ್ರ. ಖಾಲಿ ತೂಕ 900 ಕೆಜಿ ಅಂತ ಹೇಳಿದ್ದಾರೆ. ಟೈರ್ ಮೇಲೆ ಲೋಡ್ ಇಂಡೆಕ್ಸ್ 88 ಅಂತಿದೆ. ಟ್ರೇಲರ್‌ಗೆ ಬೇರೆ ಬ್ರೇಕ್ ಬೇಡ ಅಂದರು. ನನ್ನದು ಡೀಸೆಲ್ ಎಸ್‌ಯುವಿ. ಆರ್‌ಸಿಯಲ್ಲಿ ಖಾಲಿ ತೂಕ 1,870 ಕೆಜಿ, ತುಂಬಿದ ತೂಕ 2,510 ಕೆಜಿ. ಮ್ಯಾನ್ಯುವಲ್‌ನಲ್ಲಿ ಟ್ರೇಲರ್‌ಗೆ ಬ್ರೇಕ್ ಇದ್ದರೆ 1,500, ಇಲ್ಲದಿದ್ದರೆ 750 ಕೆಜಿ ಎಂದಿದೆ. ಎರಡೂ ಸೇರಿ 3,600 ದಾಟಬಾರದಂತೆ, ಟ್ರೇಲರ್ ಸಿಕ್ಕಿಸುವ ಕೊಂಡಿ, ಅಂದರೆ ಹಿಚ್ ಮೇಲೆ 120 ದಾಟಬಾರದಂತೆ. ನೂರು ಲೀಟರ್ ನೀರಿನ ಟ್ಯಾಂಕ್, ಗ್ಯಾಸ್ ಸಿಲಿಂಡರ್, ಇನ್ವರ್ಟರ್ ಬ್ಯಾಟರಿ ಮೂರನ್ನೂ ಹಿಂದಿನ ತುದಿಯಲ್ಲಿ ಕೂರಿಸಿದ್ದೇವೆ. ದೀಪಾವಳಿ ರಜೆಗೆ ದಾಂಡೇಲಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಗೋಕರ್ಣ. ಎಷ್ಟು ಸಾಮಾನು ಹೇರಬಹುದು? ಶಾಪ್‌ನವರು, ‘ನಿಮ್ಮ ಗಾಡಿ ಎರಡು ಟನ್ ಎಳೀತೈತ್ರಿ ಸರ್ರ, ಏನೂ ಚಿಂತಿ ಮಾಡಬ್ಯಾಡ್ರಿ’ ಅಂತಾರೆ.

ಉತ್ತರ: ಮೊದಲು ಒಂದು ಮಾತು. ನೀವು ಇಷ್ಟೆಲ್ಲ ಅಂಕಿ ಬರೆದು ಕಳುಹಿಸಿದ್ದೀರಿ, ಅದು ಬಹಳ ಒಳ್ಳೆಯದಾಯಿತು. ಹೆಚ್ಚಿನವರು ‘ನಮ್ಮ ಗಾಡಿ ಎಳೆಯುತ್ತದಾ?’ ಅಂತ ಮಾತ್ರ ಕೇಳುತ್ತಾರೆ.

ಎಳೆಯುತ್ತದೆ. ಎರಡು ಟನ್ ಏನು, ಸಮತಟ್ಟು ರಸ್ತೆಯಲ್ಲಿ ನಿಮ್ಮ ಡೀಸೆಲ್ ಎಂಜಿನ್ ಮೂರು ಟನ್ನನ್ನೂ ಅಲುಗಾಡಿಸೀತು. ಶಾಪ್‌ನವರು ಸುಳ್ಳು ಹೇಳಿಲ್ಲ. ಆದರೆ ಅವರು ಎಂಜಿನ್ನಿನ ಮಾತು ಹೇಳಿದ್ದಾರೆ, ನಿಮಗೆ ಬೇಕಾದದ್ದು ಬ್ರೇಕಿನ ಮಾತು. ಈಗಿನ ಸ್ಥಿತಿಯಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಸೊನ್ನೆ ಕೆಜಿ. ಬ್ರೇಕ್ ಇಲ್ಲದ ಟ್ರೇಲರ್‌ಗೆ ಮ್ಯಾನ್ಯುವಲ್ ಕೊಟ್ಟಿರುವ ಮಿತಿ 750. ನಿಮ್ಮದು ಖಾಲಿ ಇದ್ದಾಗಲೇ 900. ಒಂದು ಚಮಚ ಇಡುವ ಮೊದಲೇ 150 ಕೆಜಿ ದಾಟಿ ಕೂತಿದೆ.

‘ರಾಣೆಬೆನ್ನೂರು ಕಡೆ ಟ್ರ್ಯಾಕ್ಟರ್ ಹಿಂದೆ ಟನ್‌ಗಟ್ಟಲೆ ಗೋವಿನಜೋಳ ಹೇರಿಕೊಂಡು ಹೋಗ್ತಾರಲ್ಲ, ಅದಕ್ಕೆ ಯಾವ ಬ್ರೇಕು?’ ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಟ್ರ್ಯಾಕ್ಟರ್ ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಹೋಗುವ ಗಾಡಿ. ನೀವು ಬೈಪಾಸ್ ಹತ್ತಿದರೆ ಎಪ್ಪತ್ತು ಎಂಬತ್ತರಲ್ಲಿ ಇರುತ್ತೀರಿ. ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಅಷ್ಟಕ್ಕೂ ಆ ಟ್ರೇಲರ್‌ಗಳು ಉರುಳಿ, ಜೋಳ ರಸ್ತೆ ತುಂಬ ಚೆಲ್ಲಿದ್ದನ್ನು ನೋಡದವರು ನಮ್ಮ ಕಡೆ ಯಾರಿದ್ದಾರೆ?

ಅರಬೈಲ್ ಘಾಟಿನ ಲೆಕ್ಕ ಒಂದನ್ನು ಹಾಕಿ ನೋಡೋಣ. ಗಾಡಿ, ಟ್ರೇಲರ್, ಜನ ಎಲ್ಲ ಸೇರಿ 3,400 ಕೆಜಿ, ಒಟ್ಟು 400 ಮೀಟರ್ ಎತ್ತರದಿಂದ ಇಳಿಯುತ್ತೀರಿ ಅಂತ ಇಟ್ಟುಕೊಳ್ಳಿ. ಎಂಜಿನ್ ಏನೂ ಸಹಾಯ ಮಾಡದೆ ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಎಷ್ಟು ಶಾಖ ಹುಟ್ಟುತ್ತದೆ ಗೊತ್ತಾ? ಸುಮಾರು 40 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಎರಡು ದೊಡ್ಡ ಕೊಡ ನೀರು ಅನ್ನಿ. ಅಷ್ಟೂ ಶಾಖ ನಾಲ್ಕು ಚಕ್ರಗಳ ಬ್ರೇಕಿನೊಳಗೆ ಹೋಗಿ ಕೂರುತ್ತದೆ. ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಹಳತಾಗಿ ಅದರಲ್ಲಿ ತೇವ ಸೇರಿದ್ದರೆ ಅದೇ ಕುದಿಯುತ್ತದೆ, ಪೆಡಲ್ ಒತ್ತಿದರೆ ಮೆತ್ತಗೆ ಕೆಳಗಿಳಿಯುತ್ತದೆ. ಆಗ ಹಿಂದಿನಿಂದ ಒಂದು ಟನ್ ಮನೆ ತಳ್ಳುತ್ತಿರುತ್ತದೆ.

ಹಾಗಾಗಿ ಮೊದಲ ಕೆಲಸ ಟ್ರೇಲರ್‌ಗೆ ಬ್ರೇಕ್. ಸಣ್ಣ ಕ್ಯಾರವಾನ್‌ಗಳಿಗೆ ಓವರ್‌ರನ್ ಬ್ರೇಕ್ ಎಂಬುದಿದೆ. ನೀವು ಗಾಡಿ ನಿಧಾನ ಮಾಡಿದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದಲ್ಲ, ಆ ತಳ್ಳುವಿಕೆಯಿಂದಲೇ ಹಿಚ್ ಒಳಗಿನ ರಾಡ್ ಒಳಹೋಗಿ ಟ್ರೇಲರ್ ಚಕ್ರದ ಬ್ರೇಕ್ ಹಿಡಿಯುತ್ತದೆ. ಗಾಡಿಯಿಂದ ವೈರು, ಪೈಪು ಏನೂ ಬೇಡ. ಯುರೋಪಿನಲ್ಲಿ ಸಣ್ಣ ಕ್ಯಾರವಾನ್‌ಗಳೆಲ್ಲ ಓಡುವುದು ಇದರ ಮೇಲೆಯೇ. ಅಲ್ಲಿಯೂ ಬ್ರೇಕ್ ಇಲ್ಲದ ಟ್ರೇಲರ್‌ಗೆ ಮಿತಿ 750 ಕೆಜಿಯೇ. ಆದರೆ ಇದನ್ನು ಗ್ರಿಲ್ ಬೆಸುಗೆ ಹಾಕುವವರ ಹತ್ತಿರ ಅಂದಾಜಿನ ಮೇಲೆ ಮಾಡಿಸಬೇಡಿ. ನಿಮ್ಮ ಆ್ಯಕ್ಸಲ್ಲಿನ ತೂಕಕ್ಕೆ ತಯಾರಾದ ಸೆಟ್ಟನ್ನೇ ತರಿಸಿ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯುವ ತಂತಿಯೂ ಅದರ ಜೊತೆ ಬರುತ್ತದೆ. ಅದನ್ನು ಬಿಡಬೇಡಿ.

ಬ್ರೇಕ್ ಬಂತು ಅನ್ನೋಣ. ಈಗ ಮಿತಿ 1,500 ಆಯಿತಾ? ಇಲ್ಲ. ಇಲ್ಲೇ ಬಹಳ ಜನ ಜಾರುವುದು. ನಿಮ್ಮ ಮುಂದೆ ಒಂದಲ್ಲ, ಐದು ಮಿತಿಗಳಿವೆ. ಅವುಗಳಲ್ಲಿ ಯಾವುದು ಮೊದಲು ತುಂಬುತ್ತದೋ ಅಲ್ಲಿಗೆ ಹೇರುವುದು ನಿಲ್ಲಬೇಕು.

ಮೊದಲು ಗಾಡಿ. ಆರ್‌ಸಿಯ 1,870ರಲ್ಲಿ ಡ್ರೈವರ್ ತೂಕ ಸೇರಿಲ್ಲ. ಐದು ಜನಕ್ಕೆ 270 ಹಿಡಿಯೋಣ, ಅದರಲ್ಲಿ ಇಬ್ಬರು ಮಕ್ಕಳು ಅಂತ ಇಟ್ಟುಕೊಂಡು. ಡಿಕ್ಕಿಯ ಸಾಮಾನು 80. ಹಿಚ್ ಕಬ್ಬಿಣವೇ 28. ಡೀಸೆಲ್ 50 ಅಂತ ಬೇರೆ ಹಿಡಿದಿದ್ದೇನೆ, ಲೆಕ್ಕ ಸ್ವಲ್ಪ ಜಾಸ್ತಿಯಾದರೂ ನಷ್ಟವಿಲ್ಲ. ಒಟ್ಟು 2,298. ಎರಡೂ ಸೇರಿ 3,600 ಮಿತಿ ಇರುವುದರಿಂದ ಟ್ರೇಲರ್‌ಗೆ ಉಳಿದದ್ದು 1,302. ಅಂದರೆ ಆ 1,500 ನಿಮಗೆ ಸಿಗುವುದು ಒಬ್ಬರೇ ಹೋದರೆ ಮಾತ್ರ.

ಇನ್ನು ಟೈರ್. ಲೋಡ್ ಇಂಡೆಕ್ಸ್ 88 ಅಂದರೆ ಒಂದು ಟೈರಿಗೆ 560 ಕೆಜಿ. ಎರಡಕ್ಕೆ 1,120. ಟ್ರೇಲರ್ ತೂಕದಲ್ಲಿ ಹತ್ತನೇ ಒಂದು ಪಾಲು ಹಿಚ್ ಮೇಲೆ ಕೂತರೆ ಉಳಿದದ್ದೆಲ್ಲ ಈ ಎರಡು ಟೈರಿನ ಮೇಲೆ. 1,302 ಹೇರಿದರೆ ಟೈರಿನ ಪಾಲಿಗೆ 1,170 ಬರುತ್ತದೆ. ಮಿತಿ ದಾಟಿತು. ಟೈರಿನ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತದೆ, ಅದನ್ನೂ ಓದಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಶಾಪ್‌ಗಳಲ್ಲಿ ಟ್ರೇಲರ್‌ಗೆ ಎಲ್ಲಿಂದಲೋ ಬಿಚ್ಚಿದ ಹಳೆ ಟೈರ್ ಹಾಕಿರುತ್ತಾರೆ. ಮೇಲಿನ ಹಲ್ಲು (ಟ್ರೆಡ್) ಚೆನ್ನಾಗಿ ಕಂಡರೂ ರಬ್ಬರ್ ಸತ್ತಿರುತ್ತದೆ. ಹಳತಿದ್ದರೆ 560ನ್ನು ನಂಬಬೇಡಿ, ಹೊಸದು ಹಾಕಿಸಿ.

ಹಿಚ್ ಮಿತಿ 120 ಇದೆ. ಇವೆಲ್ಲ ನೋಡಿ ನಾನು ನಿಮಗೆ ಕೊಡುವ ಅಂಕಿ ಇದು: ತುಂಬಿದ ಟ್ರೇಲರ್ 1,100 ಕೆಜಿ, ಅದರಲ್ಲಿ 110 ಹಿಚ್ ಮೇಲೆ. ಆಗ ಗಾಡಿ 2,408, ಎರಡೂ ಸೇರಿ 3,398, ಟ್ರೇಲರ್ ಟೈರುಗಳ ಮೇಲೆ 990. ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಉಸಿರಾಡಲು ಜಾಗ ಉಳಿಯಿತು. ಬ್ರಿಟನ್ನಿನಲ್ಲಿ ಹೊಸದಾಗಿ ಎಳೆಯುವವರಿಗೆ ಒಂದು ಮಾತು ಹೇಳುತ್ತಾರೆ: ಟ್ರೇಲರ್ ತೂಕ ಗಾಡಿಯ ಖಾಲಿ ತೂಕದ ಶೇ 85 ದಾಟದಿರಲಿ ಅಂತ. ನಿಮ್ಮದು ಶೇ 60ರ ಆಸುಪಾಸು. ಮೊದಲ ವರ್ಷಕ್ಕೆ ಹಿತವಾದ ಲೆಕ್ಕ.

ಅಂದರೆ ಹೇರಲು ಉಳಿದದ್ದು 200 ಕೆಜಿ. ಕೇಳಲು ಜಾಸ್ತಿ ಅನ್ನಿಸುತ್ತದೆ. ನಿಮ್ಮ ನೂರು ಲೀಟರ್ ನೀರು ನೂರು ಕೆಜಿ. ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆಜಿ, ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ, ಒಟ್ಟು 30. ಇನ್ವರ್ಟರ್ ಬ್ಯಾಟರಿ 55 ಹಿಡಿಯಿರಿ. ಮೂರಕ್ಕೇ 185 ಮುಗಿಯಿತು. ಇನ್ನು ಹಾಸಿಗೆ, ಒಲೆ, ಪಾತ್ರೆ, ಹಿಟ್ಟು, ಚಾದರ ಎಲ್ಲಕ್ಕೂ ಸೇರಿ 15 ಕೆಜಿ!

ಅದೂ ಆ 900 ನಿಜವಾಗಿದ್ದರೆ. ನನಗೆ ಆ 900ರ ಮೇಲೆ ಸಂಶಯ ಇದೆ. ಅದು ಚಾಸಿ, ಗೋಡೆ, ಛಾವಣಿಯ ಲೆಕ್ಕವೋ, ಒಳಗಿನ ಕಪಾಟು ಮಂಚ ಸೇರಿಸಿದ ಲೆಕ್ಕವೋ ಕೇಳಿದ್ದೀರಾ? 18 ಎಂಎಂ ಪ್ಲೈವುಡ್ಡಿನ ಒಂದು 8x4 ಹಾಳೆ 30 ಕೆಜಿ ಮೇಲಿರುತ್ತದೆ. ಬಡಗಿ ಮನೆಯ ಅಡುಗೆಮನೆಗೆ ಬಳಸುವ ಹಾಗೆ ಇಲ್ಲೂ ಐದು ಹಾಳೆ ಬಳಸಿದ್ದರೆ 150 ಕೆಜಿ ಹೋಯಿತು. ಕಪಾಟಿಗೆ 6 ಎಂಎಂ ಸಾಕು.

ನೀರಿಗೆ ನನ್ನ ಸಲಹೆ: ಹೊರಡುವಾಗ 20 ಲೀಟರ್ ಕ್ಯಾನ್ ಒಂದು ಸಾಕು. ಹುಬ್ಬಳ್ಳಿಯಿಂದ ದಾಂಡೇಲಿಗೆ ನೀರು ಹೊತ್ತುಕೊಂಡು ಹೋಗುವುದಾ? ಕಾಳಿ ನದಿ ದಂಡೆಯ ಊರಿಗೆ! ತಂಗುವ ಕಡೆ ಟ್ಯಾಂಕ್ ತುಂಬಿಸಿ, ಹೊರಡುವ ಮೊದಲು ಖಾಲಿ ಮಾಡಿ. ಅರ್ಧ ತುಂಬಿದ ಟ್ಯಾಂಕ್ ಇನ್ನೂ ಕೆಟ್ಟದ್ದು, ತಿರುವಿನಲ್ಲಿ ನೀರು ಹೊಯ್ದಾಡಿ ಟ್ರೇಲರನ್ನೇ ಅಲ್ಲಾಡಿಸುತ್ತದೆ. ಸಿಲಿಂಡರ್ ಬದಲು 5 ಕೆಜಿಯ ಚಿಕ್ಕದು ಒಯ್ಯಿರಿ. ನಿಲ್ಲಿಸಿ ಕಟ್ಟಿ, ಓಡುವಾಗ ರೆಗ್ಯುಲೇಟರ್ ತೆಗೆದಿಡಿ.

ಈಗ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸಿದ ಸಾಲಿಗೆ ಬರುತ್ತೇನೆ: ‘ಮೂರನ್ನೂ ಹಿಂದಿನ ತುದಿಯಲ್ಲಿ ಕೂರಿಸಿದ್ದೇವೆ.’

ನಿಮ್ಮ ಮನೆಯಲ್ಲಿ ಹಿಂದೆ ಚಕ್ಕಡಿ ಇತ್ತಾ? ತಾಯಿಯವರನ್ನು ಕೇಳಿ, ಗೊತ್ತಿರುತ್ತದೆ. ಚಕ್ಕಡಿಗೆ ಹೊಟ್ಟು, ಮೇವು, ಹತ್ತಿ ಅಂಡಿಗೆ ಹೇರುವಾಗ ಹಿರಿಯರು ಮೂಕಿ (ಚಕ್ಕಡಿಯಿಂದ ನೊಗದವರೆಗೆ ಬರುವ ಉದ್ದ ಮರ) ಹಿಡಿದು ಎತ್ತಿ ನೋಡುತ್ತಿದ್ದರು. ಮುಂದೆ ಜಾಸ್ತಿಯಾದರೆ ನೊಗ ಎತ್ತಿನ ಹೆಗಲು ಕಡಿಯುತ್ತದೆ. ಹಿಂದೆ ಜಾಸ್ತಿಯಾದರೆ ಮೂಕಿ ಮೇಲೆದ್ದು ಜತ್ತಿಗೆ, ಅಂದರೆ ಕೊರಳಿನ ಪಟ್ಟಿ, ಎತ್ತಿನ ಕುತ್ತಿಗೆ ಹಿಸುಕುತ್ತದೆ. ಎರಡೂ ಆಗದ ಹಾಗೆ, ಮೂಕಿ ಸ್ವಲ್ಪವೇ ಭಾರ ಇರುವಂತೆ ಹೇರಬೇಕು. ಕ್ಯಾರವಾನ್ ಎಳೆಯುವ ವಿದ್ಯೆಯಲ್ಲಿ ಅರ್ಧ ಇಷ್ಟೇ. ಎತ್ತಿನ ಹೆಗಲಿನ ಜಾಗದಲ್ಲಿ ನಿಮ್ಮ ಹಿಚ್ ಇದೆ. ಆ ಮೂಕಿ ಭಾರ ಅಮೆರಿಕದವರ ಲೆಕ್ಕದಲ್ಲಿ ಟ್ರೇಲರ್ ತೂಕದ ಶೇ 10ರಿಂದ 15. ಯುರೋಪಿನವರು ಶೇ 5ರಿಂದ 7ಕ್ಕೆ ಸಾಕು ಅನ್ನುತ್ತಾರೆ. ನಿಮ್ಮ ಹಿಚ್ ಮಿತಿಯೊಳಗೆ ಶೇ 10 ಬರುತ್ತದೆ, ಅದನ್ನೇ ಹಿಡಿಯಿರಿ.

ಈಗ ನಿಮ್ಮ ಟ್ರೇಲರ್ ನೋಡಿ. ಖಾಲಿ ಇದ್ದಾಗ ಮೂಕಿ ಭಾರ 90 ಇತ್ತು ಅಂತ ಇಟ್ಟುಕೊಳ್ಳಿ. ಆ್ಯಕ್ಸಲ್‌ನಿಂದ ಹಿಚ್‌ಗೆ 3.2 ಮೀಟರ್, ಹಿಂದಿನ ಸಾಮಾನಿಗೆ 1.6 ಮೀಟರ್. ತಕ್ಕಡಿಯ ಹಾಗೆ, ಹಿಂದೆ ಇಟ್ಟ ತೂಕದ ಅರ್ಧದಷ್ಟು ಮುಂದೆ ಎತ್ತಲ್ಪಡುತ್ತದೆ. 185ರ ಅರ್ಧ 92. ಮೂಕಿ ಭಾರ ಪೂರ್ತಿ ಹೋಯಿತು! ಹಿಚ್ ಮೇಲೆ ಏನೂ ಕೂತಿಲ್ಲ, ಬದಲಾಗಿ ಅದು ನಿಮ್ಮ ಗಾಡಿಯ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತಿದೆ. ಇಂಥ ಟ್ರೇಲರ್ ಮೆತ್ತಗೆ ಹೋಗುವಾಗ ಏನೂ ತೋರಿಸುವುದಿಲ್ಲ. ಒಂದು ವೇಗ ದಾಟಿದ ಮೇಲೆ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲ ಮೊದಲಿಗಿಂತ ಜಾಸ್ತಿ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ವರ್ಷಗಳ ಹಿಂದೆ, ಪೆಂಡಾಲಿನವರೊಬ್ಬರ ಜನರೇಟರ್ ಟ್ರೇಲರನ್ನು ಜೀಪಿಗೆ ಕಟ್ಟಿಕೊಂಡು ಗದಗಿಗೆ ಹೊರಟಿದ್ದೆ. ಡೀಸೆಲ್ ಬ್ಯಾರಲ್ಲು, ವೈರಿನ ಸುರುಳಿ ಎಲ್ಲ ಹಿಂದೆ ಹೇರಿದ್ದರು. ನಾನೂ ನೋಡಲಿಲ್ಲ, ಮೆಕ್ಯಾನಿಕಲ್ ಓದಿದವನು! ಅಣ್ಣಿಗೇರಿ ದಾಟಿದ ಮೇಲೆ ಆಷಾಢದ ಗಾಳಿ. ಗದಗಿನ ಕಡೆ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಎದುರಿಗೆ ಬಂದ ಲಾರಿ ದಾಟಿದ ಕೂಡಲೇ ಟ್ರೇಲರ್ ಬೀಸಿತು. ಗಾಬರಿಯಲ್ಲಿ ಬ್ರೇಕ್ ಒತ್ತಿದೆ, ಇನ್ನೂ ಜೋರಾಗಿ ಬೀಸಿತು. ಕೊನೆಗೆ ಎರೆ ಹೊಲದೊಳಗೆ ಇಳಿದು ನಿಂತೆ. ಮಳೆಯಾಗಿ ಹೊಲ ಮೆತ್ತಗಿತ್ತು, ಅದೇ ಪುಣ್ಯ.

ನಿಮಗೆ ಹಾಗಾದರೆ ಏನು ಮಾಡಬೇಕು? ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿಯಿರಿ, ಅದರ ಆಟಕ್ಕೆ ಪ್ರತಿಯಾಗಿ ತಿರುಗಿಸಬೇಡಿ. ಗಾಡಿಯ ಬ್ರೇಕ್ ಜೋರಾಗಿ ಒತ್ತಬೇಡಿ. ‘ವೇಗ ಹೆಚ್ಚಿಸಿದರೆ ನೇರವಾಗುತ್ತದೆ’ ಅಂತ ಹಳೆಯ ಡ್ರೈವರುಗಳು ಹೇಳುತ್ತಾರೆ, ಕೇಳಬೇಡಿ. ನಿಂತ ಮೇಲೆ ಸಾಮಾನು ಮುಂದಕ್ಕೆ ಸರಿಸಿ.

ಹಾಗಂತ ಎಲ್ಲವನ್ನೂ ಮುಂದಿನ ತುದಿಗೆ ತಳ್ಳಿದರೂ ಆಗದು. ಹಿಚ್ ಇರುವುದು ಗಾಡಿಯ ಹಿಂದಿನ ಆ್ಯಕ್ಸಲ್ಲಿಗಿಂತ ಒಂದು ಮೀಟರ್ ಮೇಲೆ ಹಿಂದಕ್ಕೆ. 110 ಕೆಜಿ ಅಲ್ಲಿ ಕೂತರೆ ಹಿಂದಿನ ಆ್ಯಕ್ಸಲ್ ಮೇಲೆ ಬೀಳುವುದು 110 ಅಲ್ಲ, ಸುಮಾರು 155. ಮುಂದಿನ ಚಕ್ರಗಳ ಮೇಲಿಂದ 45 ಕೆಜಿ ಎದ್ದು ಹೋಗುತ್ತದೆ. ಸ್ಟೀರಿಂಗ್ ಇರುವುದು ಅಲ್ಲೇ, ಬ್ರೇಕಿನ ಮುಖ್ಯ ಹಿಡಿತವೂ ಅಲ್ಲೇ. ಹೆಡ್‌ಲೈಟ್ ಮರದ ತುದಿ ತೋರಿಸುತ್ತದೆ. ಆದ್ದರಿಂದ ಬ್ಯಾಟರಿ, ನೀರು, ಹಿಟ್ಟಿನ ಡಬ್ಬಿ ಇವೆಲ್ಲ ಆ್ಯಕ್ಸಲ್ ಮೇಲೆ, ನೆಲಮಟ್ಟದಲ್ಲಿ. ನೀರಿನ ಟ್ಯಾಂಕ್ ಅಂತೂ ಸರಿಯಾಗಿ ಆ್ಯಕ್ಸಲ್ ಮೇಲೇ ಇರಲಿ, ತುಂಬಿದರೂ ಖಾಲಿಯಾದರೂ ಮೂಕಿ ಭಾರ ಬದಲಾಗುವುದಿಲ್ಲ. ಮೇಲಿನ ಕಪಾಟಿಗೆ ಬಟ್ಟೆ, ಚಾದರ. ಬೇಡದ್ದನ್ನೆಲ್ಲ ಗಾಡಿಯ ಕ್ಯಾರಿಯರಿಗೆ ಹಾಕಿದರಾಯಿತು ಅನ್ನಬೇಡಿ, ಅದೂ ಗಾಡಿಯ 2,510ರ ಲೆಕ್ಕಕ್ಕೇ ಬರುತ್ತದೆ.

ಇಷ್ಟು ಹೊತ್ತು ನಾನು ಹಾಕಿದ್ದು ಕಾಗದದ ಲೆಕ್ಕ. ಇನ್ನು ಕಾಟಾಕ್ಕೆ ಹೋಗಬೇಕು. ಅಮರಗೋಳ ಎಪಿಎಂಸಿ ಕಡೆಯೋ, ಗೋಕುಲ ರೋಡಿನ ಕೈಗಾರಿಕಾ ಪ್ರದೇಶದ ಕಡೆಯೋ ಲಾರಿ ತೂಗುವ ವೇಬ್ರಿಡ್ಜ್ ಸಿಗುತ್ತದೆ. ಸಂತೆಯ ದಿನ ಬಿಟ್ಟು ಬೆಳಿಗ್ಗೆ ಬೇಗ ಹೋಗಿ, ಇಲ್ಲದಿದ್ದರೆ ಲಾರಿಗಳ ಹಿಂದೆ ಪಾಳಿ ನಿಲ್ಲಬೇಕಾಗುತ್ತದೆ. ಪ್ರವಾಸಕ್ಕೆ ಹೊರಟ ಹಾಗೇ ಎಲ್ಲ ಹೇರಿ, ಮನೆಯವರನ್ನೆಲ್ಲ ಕೂರಿಸಿಕೊಂಡೇ ಹೋಗಬೇಕು. ನಗುತ್ತಾರೆ, ನಗಲಿ. ಮೂರು ಚೀಟಿ ಮಾಡಿಸಿ. ಒಂದು, ಟ್ರೇಲರ್ ಬಿಟ್ಟು ಗಾಡಿ ಮಾತ್ರ. ಎರಡು, ಟ್ರೇಲರ್ ಕಟ್ಟಿ ಎರಡೂ ಪೂರ್ತಿ. ಮೂರು, ಕಟ್ಟಿಯೇ ಇದ್ದು ಟ್ರೇಲರಿನ ಚಕ್ರ ಮಾತ್ರ ಕಾಟಾ ಮೇಲೆ, ಗಾಡಿ ಆಚೆ. ಎರಡರಿಂದ ಒಂದನ್ನು ಕಳೆದರೆ ಟ್ರೇಲರಿನ ನಿಜವಾದ ತೂಕ. ಅದರಿಂದ ಮೂರನೆಯದನ್ನು ಕಳೆದರೆ ಮೂಕಿ ಭಾರ.

ಆದರೆ ಮೂಕಿ ಭಾರಕ್ಕೆ ಈ ಲೆಕ್ಕವನ್ನು ನಾನು ಪೂರ್ತಿ ನಂಬುವುದಿಲ್ಲ. ಲಾರಿ ಕಾಟಾ ಸಾಮಾನ್ಯವಾಗಿ 5 ಕೆಜಿ, 10 ಕೆಜಿ ಮೆಟ್ಟಿಲಲ್ಲಿ ತೋರಿಸುತ್ತದೆ. ಮೂರು ಚೀಟಿ ಸೇರಿ ಇಪ್ಪತ್ತು ಕೆಜಿ ಆಚೀಚೆ ಆಗಬಹುದು. ಅದಕ್ಕೆ ಚೀಲ ತೂಗುವ ಪ್ಲಾಟ್‌ಫಾರ್ಮ್ ಕಾಟಾ ಒಳ್ಳೆಯದು. ಕಾಳಿನ ಅಡತಿ ಅಂಗಡಿ ಯಾವುದರಲ್ಲಾದರೂ ಇರುತ್ತದೆ. ಹಿಚ್ ಇರುವ ಎತ್ತರಕ್ಕೇ ಒಂದು ಮರದ ತುಂಡು ಕತ್ತರಿಸಿ ಕಾಟಾ ಮೇಲೆ ನಿಲ್ಲಿಸಿ, ಟ್ರೇಲರಿನ ಮೂಕಿಯನ್ನು ಅದರ ಮೇಲಿಡಿ. ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು, ನೆಲ ಮಟ್ಟಸವಾಗಿರಬೇಕು. 100ರಿಂದ 115ರ ಒಳಗೆ ತೋರಿಸಿದರೆ ಸರಿ.

ಹಿಚ್ ಬಾಲ್, ಅಂದರೆ ಗಾಡಿಯ ಹಿಚ್ ಮೇಲಿನ ಗುಂಡು, ಅದರ ಬಗ್ಗೆ ಒಂದು ಎಚ್ಚರಿಕೆ. ಯುರೋಪಿನ ಬಾಲ್ 50 ಎಂಎಂ, ಅಮೆರಿಕದ್ದು ಎರಡು ಇಂಚು, ಅಂದರೆ 50.8. ಕಣ್ಣಿಗೆ ಎರಡೂ ಒಂದೇ. ಆನ್‌ಲೈನ್‌ನಲ್ಲಿ ಬಾಲ್ ಒಂದು ಕಡೆ, ಅದರ ಮೇಲೆ ಕೂರುವ ಟ್ರೇಲರಿನ ಕಪ್ಲರ್ ಒಂದು ಕಡೆ ತರಿಸಿದರೆ ಬಿಗಿ ಕೂರುವುದಿಲ್ಲ, ಇಲ್ಲವೇ ಕೂತ ಹಾಗೆ ಕಂಡು ಹೊಂಡದಲ್ಲಿ ಎಗರುತ್ತದೆ. ಬಾಲ್ ಮೇಲೆ ಅಳತೆ ಕೊರೆದಿರುತ್ತದೆ, ಓದಿ ನೋಡಿ. ಹಿಚ್ ಕೆಳಗೆ ಎರಡು ಸರಪಳಿ ಕತ್ತರಿಯಾಕಾರದಲ್ಲಿ ಕಟ್ಟಿರಲಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಸ್ವಂತ ಬಳಕೆಯ ಕ್ಯಾಂಪರ್ ಟ್ರೇಲರ್ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿದೆ. ಆದರೆ ಅದಕ್ಕೂ ಅದರದೇ ನೋಂದಣಿ ಬೇಕು. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮೊದಲು ಆರ್‌ಟಿಒಗೆ ಹೋಗಿ ಕೇಳಿ, ಗಾಡಿಗೆ ಹಿಚ್ ಹಾಕಿಸಿದ್ದನ್ನೂ ಹೇಳಿ. ಇನ್ಶೂರೆನ್ಸ್ ಕಂಪನಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಮಿತಿ ಮೀರಿದ ತೂಕಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನಿಗೆ ಮತ್ತೆ 2,000. ಇನ್ನೊಂದು: ತಾಯಿಯವರು ದಾರಿಯಲ್ಲಿ ಕ್ಯಾರವಾನ್ ಒಳಗೆ ಮಲಗಿಕೊಂಡು ಬರುತ್ತಾರೆ ಅಂತ ಯೋಚಿಸಿದ್ದರೆ, ಬೇಡವೇ ಬೇಡ. ಓಡುವಾಗ ಟ್ರೇಲರಿನಲ್ಲಿ ಯಾರೂ ಇರಬಾರದು.

ಬ್ರೇಕ್ ಹಾಕಿಸಿ, ಚೀಟಿ ಸರಿ ಬಂದ ಮೇಲೂ ಈ ದೀಪಾವಳಿಗೆ ಅರಬೈಲ್ ಬಿಡಿ. ಧಾರವಾಡ, ಹಳಿಯಾಳ ದಾರಿಯಲ್ಲಿ ದಾಂಡೇಲಿಗೆ ಹೋಗಿ ಬನ್ನಿ, ಅರವತ್ತು ದಾಟಬೇಡಿ. ಐವತ್ತು ಕಿಲೋಮೀಟರಿಗೊಮ್ಮೆ ಇಳಿದು ಟ್ರೇಲರಿನ ಹಬ್ (ಚಕ್ರದ ನಡುಭಾಗ) ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡೇ ಇದೆ. ಹಿಂದಕ್ಕೆ ತೆಗೆದುಕೊಳ್ಳುವುದನ್ನು ಯಾವುದಾದರೂ ಖಾಲಿ ಮೈದಾನದಲ್ಲಿ ಮೊದಲೇ ಕಲಿತಿರಿ. ಘಾಟ್ ಇಳಿಯುವ ದಿನ ಬಂದಾಗ ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ, ಭಾರವನ್ನು ಎಂಜಿನ್ ಹಿಡಿಯಲಿ. ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ, ಒತ್ತಿಕೊಂಡೇ ಇರಬೇಡಿ. ಹಿಂದೆ ಹಾರ್ನ್ ಹೊಡೆಯುವವರಿಗೆ ಜಾಗ ಕೊಟ್ಟು ಕಳುಹಿಸಿ.

ತಾಯಿಯವರಿಗೆ ಬೇಜಾರಾಗದಿರಲಿ. ಹಂಚು, ಒಲೆ ಬೇಕಾದರೆ ಇರಲಿ, ದೊಡ್ಡ ಕುಕ್ಕರು, ಮಿಕ್ಸರು ಮನೆಯಲ್ಲೇ ಬಿಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಲು ಹೇಳಿ. ನೂರು ರೊಟ್ಟಿ ಕಟ್ಟಿದರೂ ಲಾರಿ ಕಾಟಾಕ್ಕೆ ಗೊತ್ತೇ ಆಗುವುದಿಲ್ಲ.